ಅಯೋವಾ ಸೈಕಲ್ ಹಾದಿಯಲ್ಲಿ ಹಳೆಯ ಬೈಪ್ಲೇನ್ ಹಾರಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಅಯೋವಾ ರಾಜ್ಯವನ್ನು ಪಶ್ಚಿಮದ ಮಿಸೌರಿ ನದಿಯಿಂದ ಪೂರ್ವದ ಮಿಸಿಸಿಪ್ಪಿ ನದಿಯವರೆಗೆ ಒಂದು ವಾರದಲ್ಲಿ ಸೈಕಲ್ಲಿನಲ್ಲಿ ದಾಟುವ ರ‍್ಯಾಗ್‌ಬ್ರೈ ಯಾತ್ರೆಗೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರೂ ಹೋಗುತ್ತಾರೆ. ಮೆಕ್ಕೆಜೋಳದ ಹೊಲಗಳ ನಡುವಿನ ಒಂದು ಪುಟ್ಟ ಏರೋಡ್ರೋಮ್‌ನಲ್ಲಿ ಸೈಕಲ್ ನಿಲ್ಲಿಸಿ, ಎರಡನೆಯ ಮಹಾಯುದ್ಧದ ಕಾಲದ ಸ್ಟಿಯರ್‌ಮನ್ ಬೈಪ್ಲೇನಿನಲ್ಲಿ, ಅಂದರೆ ಎರಡು ಅಂತಸ್ತಿನ ರೆಕ್ಕೆಯ ವಿಮಾನದಲ್ಲಿ, ನಾನು ಇಪ್ಪತ್ತು ನಿಮಿಷ ಹಾರಿ ಬಂದೆ. ಅಂದಿನಿಂದ ಪ್ರತಿ ಬೇಸಿಗೆಯಲ್ಲಿ ಗೆಳೆಯರು ಅವೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಅವರಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಸೈಕಲ್ ಸವಾರರು ಹಾದುಹೋಗುವಾಗ ಹಳೆಯ ವಿಮಾನ ಹಾರಿಸುವವರು ಏಕೆ ಕರೆಯುತ್ತಾರೆ?

ರ‍್ಯಾಗ್‌ಬ್ರೈ ದಾರಿ ಪ್ರತಿ ವರ್ಷ ಬದಲಾಗುತ್ತದೆ. ಹೀಗಾಗಿ ಕೆಲವೇ ನೂರು ಜನರಿರುವ ಊರಿನ ಮುಂದೆ ಒಂದೇ ದಿನ ಸಾವಿರಾರು ಮಂದಿ ಹಾದುಹೋಗುತ್ತಾರೆ. ಆ ದಿನ ಚರ್ಚಿನವರು ಹಣ್ಣಿನ ಪೈ ಮಾರುತ್ತಾರೆ, ಶಾಲೆಯ ಮಕ್ಕಳು ನಿಂಬೆ ಪಾನಕ ಮಾರುತ್ತಾರೆ, ಹುಲ್ಲಿನ ರನ್‌ವೇ ಇರುವ ಊರಿನಲ್ಲಿ ವಿಮಾನ ಇರುವವರು ವಿಮಾನವನ್ನು ಹ್ಯಾಂಗರಿನಿಂದ, ಅಂದರೆ ಅದನ್ನಿಡುವ ಕೊಟ್ಟಿಗೆಯಿಂದ, ಹೊರಗೆ ತಳ್ಳಿ ನಿಲ್ಲಿಸುತ್ತಾರೆ.

ಇದು ಆ ನಾಡಿಗೆ ಹೊಸದಲ್ಲ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಕರ್ಟಿಸ್ ಜೆನ್ನಿ ಎಂಬ ತರಬೇತಿ ವಿಮಾನಗಳನ್ನು ಅಗ್ಗದ ಬೆಲೆಗೆ ಮಾರಿತು. ಅವನ್ನು ಕೊಂಡ ಪೈಲಟ್‌ಗಳು ಊರೂರು ಸುತ್ತಿ, ರೈತನ ಹೊಲದಲ್ಲಿ ಇಳಿದು, ಕೆಲವು ಡಾಲರ್ ಪಡೆದು ಜನರನ್ನು ಹಾರಿಸುತ್ತಿದ್ದರು. ಈ ಸಂಚಾರಕ್ಕೆ ಬಾರ್ನ್‌ಸ್ಟಾರ್ಮಿಂಗ್ ಎಂದು ಹೆಸರು. ಮುಂದೆ ಅಟ್ಲಾಂಟಿಕ್ ಸಾಗರವನ್ನು ಒಬ್ಬರೇ ಹಾರಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ 1923ರಲ್ಲಿ ಒಂದು ಜೆನ್ನಿಯನ್ನು ಕೊಂಡು ಇದೇ ಕೆಲಸದಿಂದ ಜೀವನ ನಡೆಸಿದ್ದರು. ಆಗ ವಿಮಾನ ಊರು ಹುಡುಕಿಕೊಂಡು ಬರುತ್ತಿತ್ತು, ಈಗ ಸೈಕಲ್ಲಿನ ಜನರು ವಿಮಾನದ ಊರಿಗೆ ಬರುತ್ತಿದ್ದಾರೆ. ಬದಲಾಗಿರುವುದು ಇಷ್ಟೇ ಎಂದು ನನಗನ್ನಿಸುತ್ತದೆ.

ಒಂದು ಎಚ್ಚರಿಕೆಯ ಮಾತು. ಇಂತಹ ಹಾರಾಟ ಯಾತ್ರೆಯ ಅಧಿಕೃತ ಕಾರ್ಯಕ್ರಮದ ಭಾಗವೆಂದು ಭಾವಿಸಬೇಡಿ. ಅದು ಆಯಾ ಊರಿನವರ ಉತ್ಸಾಹವನ್ನು ಅವಲಂಬಿಸಿರುತ್ತದೆ. ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್‌ನಲ್ಲಿ ನಡೆಯುವ ದೊಡ್ಡ ವಿಮಾನ ಮೇಳವೂ ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ ಯಾತ್ರೆ ನಡೆಯುವ ವಾರದಲ್ಲೇ ಬರುವುದರಿಂದ, ಹಳೆಯ ವಿಮಾನದ ಒಡೆಯರಲ್ಲಿ ಹಲವರು ಆಗ ಊರಿನಲ್ಲಿರುವುದಿಲ್ಲ.

ಅಯೋವಾಕ್ಕೂ ಹಳೆಯ ವಿಮಾನಗಳಿಗೂ ಏನು ಸಂಬಂಧ?

ಗಾಢವಾದ ಸಂಬಂಧವಿದೆ. ರೈಟ್ ಸಹೋದರರ ಕುಟುಂಬ ಕೆಲವು ಕಾಲ ಅಯೋವಾದ ಸೀಡರ್ ರ‍್ಯಾಪಿಡ್ಸ್ ಪಟ್ಟಣದಲ್ಲಿ ವಾಸವಾಗಿತ್ತು. ಅವರ ತಂದೆ 1878ರಲ್ಲಿ ರಬ್ಬರ್ ಎಳೆಯ ಬಲದಿಂದ ಹಾರುವ ಒಂದು ಆಟಿಕೆಯನ್ನು ತಂದುಕೊಟ್ಟದ್ದು ಆ ಮನೆಯಲ್ಲಿಯೇ, ಮತ್ತು ಹಾರಾಟದ ಆಸೆ ಮೊಳೆತದ್ದು ಆ ಆಟಿಕೆಯಿಂದ ಎಂದು ಸಹೋದರರೇ ಮುಂದೆ ನೆನೆದಿದ್ದಾರೆ. ಒಹಾಯೋದ ಡೇಟನ್‌ನಲ್ಲಿ ಅವರು ಸೈಕಲ್ ತಯಾರಿಸಿ ಮಾರುತ್ತಿದ್ದರು. 1903ರ ಅವರ ವಿಮಾನದಲ್ಲಿ ಎಂಜಿನ್ನಿನ ಬಲ ಪ್ರೊಪೆಲ್ಲರುಗಳಿಗೆ ತಲುಪಿದ್ದು ಸೈಕಲ್ಲಿನಲ್ಲಿ ಇರುವಂತಹ ಚೈನು ಮತ್ತು ಹಲ್ಲುಚಕ್ರಗಳ ಮೂಲಕ. ಸೈಕಲ್ ಸವಾರರು ಹಳೆಯ ವಿಮಾನದ ಪಕ್ಕ ನಿಂತಾಗ ಪರಕೀಯರೆನಿಸದಿರಲು ಈ ನಂಟೇ ಕಾರಣವಿರಬೇಕು.

1921ರ ಫೆಬ್ರವರಿಯಲ್ಲಿ ಜ್ಯಾಕ್ ನೈಟ್ ಎಂಬ ಪೈಲಟ್ ಅಂಚೆ ಚೀಲಗಳನ್ನು ಹೊತ್ತು ರಾತ್ರಿಯ ಕತ್ತಲಲ್ಲಿ ನೆಬ್ರಾಸ್ಕಾದಿಂದ ಶಿಕಾಗೋಗೆ ಹಾರಿದಾಗ ದಾಟಿದ್ದು ಈ ರಾಜ್ಯವನ್ನೇ. ದಾರಿ ತೋರಿಸಲು ನೆಲದ ಮೇಲಿನ ಜನ ಬೆಂಕಿ ಹಚ್ಚಿದ್ದರು. ಹಳೆಯ ವಿಮಾನಗಳನ್ನು ಉಳಿಸಲೆಂದು 1953ರಲ್ಲಿ ಹುಟ್ಟಿದ ಆಂಟಿಕ್ ಏರ್‌ಪ್ಲೇನ್ ಅಸೋಸಿಯೇಷನ್ ಕೂಡ ಇಲ್ಲಿನದೇ. ಆಟಂವಾ ಪಟ್ಟಣದ ಬಳಿಯ ಬ್ಲೇಕ್ಸ್‌ಬರ್ಗ್ ಹಳ್ಳಿಯಲ್ಲಿ ಅದಕ್ಕೆ ಆಂಟಿಕ್ ಏರ್‌ಫೀಲ್ಡ್ ಎಂಬ ಹುಲ್ಲಿನ ರನ್‌ವೇ ಇದೆ, ಒಂದು ಮ್ಯೂಸಿಯಂ ಕೂಡ ಇದೆ.

ಯಾವ ವಿಮಾನಗಳು ಕಾಣಸಿಗುತ್ತವೆ?

ಹೆಚ್ಚಾಗಿ ಎರಡು. ಒಂದು ಹಳದಿ ಬಣ್ಣದ ಪೈಪರ್ ಕಬ್, ಜೆ-3 ಮಾದರಿ. 1938ರಿಂದ 1947ರವರೆಗೆ ಸುಮಾರು 20,000 ತಯಾರಾದ, 65 ಅಶ್ವಶಕ್ತಿಯ, ಒಂದೇ ಅಂತಸ್ತಿನ ರೆಕ್ಕೆಯ, ಇಬ್ಬರು ಹಿಂದೆ ಮುಂದೆ ಕೂರುವ ಪುಟ್ಟ ವಿಮಾನ ಇದು. ಇದರ ಬಾಗಿಲನ್ನು ತೆರೆದಿಟ್ಟುಕೊಂಡೇ ಹಾರುವುದುಂಟು.

ಇನ್ನೊಂದು ಬೋಯಿಂಗ್ ಸ್ಟಿಯರ್‌ಮನ್. ಮೇಲೊಂದು ಕೆಳಗೊಂದು ರೆಕ್ಕೆ, ಕೂರಲು ತೆರೆದ ಎರಡು ಕುಳಿಗಳು (ಕಾಕ್‌ಪಿಟ್), ಮೂತಿಯಲ್ಲಿ ವೃತ್ತಾಕಾರವಾಗಿ ಜೋಡಿಸಿದ, ಹೆಚ್ಚಾಗಿ ಏಳು ಸಿಲಿಂಡರುಗಳ ಎಂಜಿನ್. ಕಾನ್ಸಸ್ ರಾಜ್ಯದ ವಿಚಿಟಾದಲ್ಲಿ 8,000ಕ್ಕೂ ಹೆಚ್ಚು ತಯಾರಾದವು. ಅಮೆರಿಕದ ಭೂಸೇನೆ ಮತ್ತು ನೌಕಾಸೇನೆಯ ಸಾವಿರಾರು ಯುವಕರು ಹಾರಲು ಕಲಿತದ್ದು ಇದರಲ್ಲಿಯೇ. ಯುದ್ಧದ ನಂತರ ಬಹಳಷ್ಟು ಸ್ಟಿಯರ್‌ಮನ್‌ಗಳು ಹೊಲಗಳಿಗೆ ಔಷಧಿ ಸಿಂಪಡಿಸುವ ಕೆಲಸಕ್ಕೆ ಹೋದವು. ಆ ದುಡಿಮೆಯೇ ಅವನ್ನು ಗುಜರಿಯಿಂದ ಉಳಿಸಿತು ಎಂಬುದನ್ನು ಮರೆಯಬಾರದು. ಇದರಲ್ಲಿ ಪ್ರಯಾಣಿಕರು ಮುಂದಿನ ಕುಳಿಯಲ್ಲಿ ಕೂರುತ್ತಾರೆ, ಪೈಲಟ್ ಹಿಂದೆ.

ಎಲ್ಲಿಯಾದರೂ ನ್ಯೂ ಸ್ಟ್ಯಾಂಡರ್ಡ್ ಡಿ-25 ಸಿಕ್ಕರೆ ಬಿಡಬೇಡಿ. ಸುತ್ತಾಟದ ಪೈಲಟ್‌ಗಳಿಗಾಗಿಯೇ 1920ರ ದಶಕದ ಕೊನೆಯಲ್ಲಿ ರೂಪಿಸಿದ ಆ ಬೈಪ್ಲೇನಿನ ಮುಂದಿನ ಕುಳಿಯಲ್ಲಿ ನಾಲ್ವರು ಒಟ್ಟಿಗೆ ಕೂರಬಹುದು.

ಎಂಬತ್ತು ವರ್ಷ ಹಳೆಯ ವಿಮಾನ ಸುರಕ್ಷಿತವೇ?

ಹಾರಾಟದಲ್ಲಿ ಅಪಾಯ ಇಲ್ಲವೇ ಇಲ್ಲ ಎಂದು ಹೇಳುವವರನ್ನು ನಂಬಬೇಡಿ. ಒಂದೇ ಎಂಜಿನ್ನಿನ ವಿಮಾನವನ್ನು ದೊಡ್ಡ ಏರ್‌ಲೈನ್ ವಿಮಾನದೊಂದಿಗೆ ಹೋಲಿಸಲಾಗದು. ಆದರೆ ವಯಸ್ಸೊಂದನ್ನೇ ನೋಡಿ ಹೆದರುವುದೂ ಸರಿಯಲ್ಲ. ಸ್ಟಿಯರ್‌ಮನ್‌ನ ಒಡಲು ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳದ್ದು, ರೆಕ್ಕೆಯ ಒಳಗಿನ ಚೌಕಟ್ಟು ಮರದ್ದು, ಹೊದಿಕೆ ಬಟ್ಟೆಯದ್ದು. ಹಿಂದೆ ಹತ್ತಿಯ ಬಟ್ಟೆ ಇರುತ್ತಿತ್ತು, ಈಗ ಹೆಚ್ಚಾಗಿ ಪಾಲಿಯೆಸ್ಟರ್ ಹಾಕುತ್ತಾರೆ. ಜೀರ್ಣೋದ್ಧಾರ ಮಾಡುವಾಗ ಬಟ್ಟೆಯನ್ನೆಲ್ಲ ಕಿತ್ತು, ಪ್ರತಿ ಕೊಳವೆಯನ್ನೂ ಪ್ರತಿ ಮರದ ತುಂಡನ್ನೂ ಪರೀಕ್ಷಿಸಿ, ಮತ್ತೆ ಹೊದಿಸುತ್ತಾರೆ.

ಅಮೆರಿಕದ ನಿಯಮದ ಪ್ರಕಾರ ಇಂತಹ ವಿಮಾನಕ್ಕೆ ವರ್ಷಕ್ಕೊಮ್ಮೆ ಪೂರ್ಣ ತಪಾಸಣೆ ಆಗಲೇಬೇಕು, ಬಾಡಿಗೆಗೆ ಜನರನ್ನು ಹಾರಿಸುವುದಾದರೆ ಪ್ರತಿ 100 ಗಂಟೆಗಳ ಹಾರಾಟಕ್ಕೊಮ್ಮೆ ಕೂಡ ತಪಾಸಣೆ ಆಗಬೇಕು. ಕೊನೆಯ ತಪಾಸಣೆ ಯಾವಾಗ ಆಯಿತು ಎಂದು ವಿನಯದಿಂದ ಕೇಳಿ. ಒಳ್ಳೆಯ ಪೈಲಟ್ ಸಂತೋಷದಿಂದಲೇ ಉತ್ತರಿಸುತ್ತಾರೆ. ಆ ಪ್ರಶ್ನೆಗೆ ಸಿಡುಕಿದವರ ವಿಮಾನವನ್ನು ನಾನಾದರೆ ಹತ್ತುವುದಿಲ್ಲ.

ಹಣ ಕೇಳುವ ಪೈಲಟ್‌ಗೂ ಉಚಿತವಾಗಿ ಹಾರಿಸುವ ಪೈಲಟ್‌ಗೂ ಕಾನೂನಿನಲ್ಲಿ ವ್ಯತ್ಯಾಸವಿದೆಯೇ?

ಇದೆ, ಮತ್ತು ಅದನ್ನು ತಿಳಿದಿರುವುದು ಒಳ್ಳೆಯದು. ಖಾಸಗಿ ಪೈಲಟ್ ಲೈಸೆನ್ಸ್ ಇರುವವರು ತಮ್ಮ ಸಂತೋಷಕ್ಕಾಗಿ ಯಾರನ್ನಾದರೂ ಉಚಿತವಾಗಿ ಕರೆದೊಯ್ಯಬಹುದು, ಆದರೆ ಹಾರಾಟವನ್ನು ಮಾರುವಂತಿಲ್ಲ. ದರ ಪಡೆದು ಹಾರಿಸಬೇಕಾದರೆ ವಾಣಿಜ್ಯ ಲೈಸೆನ್ಸ್ ಬೇಕು. ಸಾಮಾನ್ಯವಾಗಿ ಎಲ್ಲೂ ನಿಲ್ಲದೆ, ಹೊರಟ ಜಾಗದಿಂದ 25 ಮೈಲಿ, ಅಂದರೆ ಸುಮಾರು 40 ಕಿ.ಮೀ. ಒಳಗೇ ಸುತ್ತಿ, ಅಲ್ಲಿಯೇ ಇಳಿಯುವ ವಿಹಾರ ಹಾರಾಟಕ್ಕೆ ವಿಮಾನಯಾನ ಇಲಾಖೆಯ ಅನುಮತಿ ಪತ್ರವನ್ನೂ ಪಡೆದಿರಬೇಕು, ಪೈಲಟ್ ಮಾದಕ ವಸ್ತು ಮತ್ತು ಮದ್ಯದ ಪರೀಕ್ಷೆಯ ವ್ಯವಸ್ಥೆಗೂ ಒಳಪಟ್ಟಿರಬೇಕು. ಊರಿನ ದತ್ತಿ ಕಾರ್ಯಕ್ಕಾಗಿ ಹಣ ಸಂಗ್ರಹಿಸುವ ಹಾರಾಟಗಳಿಗೆ ಬೇರೆ ನಿಯಮವಿದೆ, ಅದರಲ್ಲಿಯೂ ಪೈಲಟ್‌ಗೆ ನಿಗದಿತ ಗಂಟೆಗಳ ಅನುಭವ ಇರಲೇಬೇಕು.

ಆದ್ದರಿಂದ “ಕೈಗೆ ಹಣ ಕೊಡಿ, ರಸೀದಿ ಬೇಡ” ಎನ್ನುವ ಮಾತು ಕೇಳಿದರೆ ಹಿಂದೆ ಸರಿಯಿರಿ. ಉಚಿತವಾಗಿ ಕರೆದವರಿಗೆ ಬಲವಂತವಾಗಿ ಹಣ ಕೊಡಲು ಹೋಗುವುದೂ ಬೇಡ. ನಮ್ಮ ಸಂಕೋಚದಿಂದ ಅವರು ನಿಯಮ ಮುರಿದಂತಾಗಬಾರದು.

ದರ ಎಷ್ಟಿರುತ್ತದೆ?

ತೆರೆದ ಬೈಪ್ಲೇನಿನ ಸಣ್ಣ ಹಾರಾಟಕ್ಕೆ ನೂರು ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಎಂದಿಟ್ಟುಕೊಂಡು ಹೋಗಿ. ಸ್ಟಿಯರ್‌ಮನ್ ಗಂಟೆಗೆ ಸುಮಾರು 45ರಿಂದ 50 ಲೀಟರ್ ವಿಮಾನದ ಪೆಟ್ರೋಲ್ ಕುಡಿಯುತ್ತದೆ. ಎಂಜಿನ್ ಆಯಿಲ್, ವಿಮೆ, ಹ್ಯಾಂಗರ್ ಬಾಡಿಗೆ, ಬಿಡಿ ಭಾಗಗಳ ಹುಡುಕಾಟ ಇವೆಲ್ಲ ಬೇರೆ.

ಸೈಕಲ್ ಬೂಟು, ಜರ್ಸಿ, ಹೆಲ್ಮೆಟ್ ಹಾಕಿಕೊಂಡೇ ಹತ್ತಬಹುದೇ?

ನನಗೆ ಅತ್ಯಂತ ಮುಖ್ಯವೆನಿಸುವ ಪ್ರಶ್ನೆ ಇದು, ಏಕೆಂದರೆ ಬೇರೆ ಯಾವ ಪ್ರಯಾಣಿಕರೂ ತರದ ಅಪಾಯಗಳನ್ನು ಸೈಕಲ್ ಸವಾರರು ಮೈಮೇಲೆ ಹೊತ್ತು ತರುತ್ತಾರೆ.

ಮೊದಲನೆಯದು ಬೂಟು. ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಇರುವ ಬೂಟಿನಲ್ಲಿ ರೆಕ್ಕೆಯ ಮೇಲೆ ಕಾಲಿಟ್ಟರೆ ಒಂದೋ ಜಾರುತ್ತೀರಿ, ಇಲ್ಲವೇ ಬಟ್ಟೆಯ ಹೊದಿಕೆಯನ್ನು ತೂತು ಮಾಡುತ್ತೀರಿ. ಬೈಪ್ಲೇನಿನ ಕೆಳ ರೆಕ್ಕೆ ಒಡಲಿಗೆ ಸೇರುವಲ್ಲಿ ಕಾಲಿಡಲೆಂದೇ ಗಟ್ಟಿ ಮಾಡಿದ, ಒರಟು ಮೇಲ್ಮೈಯ ಕಪ್ಪು ಪಟ್ಟಿ ಇರುತ್ತದೆ. ಅದರಿಂದ ಒಂದು ಗೇಣು ಆಚೆ ಇರುವುದು ಬರೀ ಬಟ್ಟೆ. ಚೀಲದಲ್ಲಿ ಹಗುರವಾದ ಕ್ಯಾನ್ವಾಸ್ ಶೂ ಇಟ್ಟುಕೊಳ್ಳಿ. ಕಾಲಿನಿಂದ ಕಳಚಿ ಹೋಗುವ ಹವಾಯಿ ಚಪ್ಪಲಿ ಬೇಡ. ಹಿಡಿದುಕೊಳ್ಳುವಾಗಲೂ ಪೈಲಟ್ ತೋರಿಸಿದ ಜಾಗವನ್ನಷ್ಟೇ ಹಿಡಿಯಿರಿ.

ಎರಡನೆಯದು ಜೇಬು. ಸೈಕಲ್ ಜರ್ಸಿಯ ಬೆನ್ನಿನ ಮೂರು ಜೇಬುಗಳಿಗೆ ಮುಚ್ಚಳವಿಲ್ಲ. ಅಲ್ಲಿಟ್ಟ ಫೋನು, ಬಾಳೆಹಣ್ಣು, ಟೈರಿನ ಲಿವರು, ಗಾಳಿ ತುಂಬುವ ಪುಟ್ಟ ಸಿಲಿಂಡರು ತೆರೆದ ಕುಳಿಯಿಂದ ಹಾರಿ ಬಾಲಕ್ಕೆ ಬಡಿಯಬಹುದು. ಅದಕ್ಕಿಂತ ಕೆಟ್ಟದ್ದು, ನಿಮ್ಮ ಸೀಟಿನ ಕೆಳಗೆ ಜಾರಿ ವಿಮಾನವನ್ನು ತಿರುಗಿಸುವ ಸರಳು ಮತ್ತು ತಂತಿಗಳ ನಡುವೆ ಸಿಕ್ಕಿಕೊಳ್ಳಬಹುದು. ಹತ್ತುವ ಮೊದಲು ಮೂರೂ ಜೇಬುಗಳನ್ನು ಬರಿದು ಮಾಡಿ, ಒಮ್ಮೆ ಕೈಯಾಡಿಸಿ ನೋಡಿ. ನಾನು ಬರಿದಾಗಿದೆ ಎಂದುಕೊಂಡಿದ್ದ ಜೇಬಿನಿಂದ ಪೈಲಟ್ ಒಂದು ಸ್ಪೋಕ್ ಕೀ ತೆಗೆದು ಕೈಗಿತ್ತಾಗ ನಾಚಿಕೆಯಾಯಿತು, ಆ ಹಿರಿಯರ ಶಿಸ್ತಿನ ಬಗ್ಗೆ ಗೌರವವೂ ಮೂಡಿತು. ಫೋನಿನಲ್ಲಿ ಚಿತ್ರ ತೆಗೆಯುವ ಆಸೆಯಿದ್ದರೆ ಮಣಿಕಟ್ಟಿಗೆ ಕಟ್ಟುವ ದಾರ ಬೇಕೇ ಬೇಕು.

ಸೈಕಲ್ ಹೆಲ್ಮೆಟ್ ನೆಲದಲ್ಲೇ ಇರಲಿ. ಪೈಲಟ್ ಕೊಡುವ ಟೋಪಿಯಲ್ಲಿ ಮಾತನಾಡುವ ಹೆಡ್‌ಸೆಟ್ ಇರುತ್ತದೆ. ಕನ್ನಡಕವನ್ನು ಗಾಗಲ್ಸ್ ಒಳಗೆ ಭದ್ರವಾಗಿ ಸಿಕ್ಕಿಸಿ. ಸೈಕಲ್ಲಿನ ಜಿಪಿಎಸ್ ಯಂತ್ರವನ್ನು ಕಳಚಿ, ದಾಖಲೆ ನಿಲ್ಲಿಸಿ. ಇಲ್ಲವಾದರೆ ನಿಮ್ಮ ದಿನದ ಲೆಕ್ಕದಲ್ಲಿ ಗಂಟೆಗೆ 150 ಕಿ.ಮೀ. ವೇಗ ಸೇರಿಕೊಳ್ಳುತ್ತದೆ.

ಸೈಕಲ್ ಎಲ್ಲಿ ನಿಲ್ಲಿಸಬೇಕು? ವಿಮಾನದ ಹತ್ತಿರ ಹೋಗುವುದು ಹೇಗೆ?

ಹುಲ್ಲಿನ ರನ್‌ವೇ ನೋಡಲು ಮೇವಿನ ಹೊಲದಂತಿರುತ್ತದೆ. ಬೇಲಿ ಇರದಿರಬಹುದು, ಕಂಟ್ರೋಲ್ ಟವರ್ ಅಂತೂ ಇರುವುದಿಲ್ಲ. ಪೈಲಟ್‌ಗಳು ತಮ್ಮತಮ್ಮಲ್ಲೇ ರೇಡಿಯೋದಲ್ಲಿ ಹೇಳಿಕೊಂಡು ಇಳಿಯುತ್ತಾರೆ, ರೇಡಿಯೋ ಇಲ್ಲದ ಹಳೆಯ ವಿಮಾನಗಳೂ ಇವೆ. ಹತ್ತಿರದ ದಾರಿಯೆಂದು ಅದನ್ನು ಅಡ್ಡ ದಾಟುವುದು ಪ್ರಾಣಾಪಾಯ.

ಇನ್ನೊಂದು ವಿಷಯ ಹಲವರಿಗೆ ತಿಳಿದಿಲ್ಲ. ಬಾಲದ ಕೆಳಗೆ ಚಿಕ್ಕ ಚಕ್ರವಿರುವ ಹಳೆಯ ವಿಮಾನ ನೆಲದ ಮೇಲಿದ್ದಾಗ ಅದರ ಮೂತಿ ಆಕಾಶ ನೋಡುತ್ತಿರುತ್ತದೆ, ಹಾಗಾಗಿ ಹಿಂದಿನ ಕುಳಿಯಲ್ಲಿರುವ ಪೈಲಟ್‌ಗೆ ನೇರ ಮುಂದಿರುವುದು ಕಾಣುವುದೇ ಇಲ್ಲ. ಅದಕ್ಕೇ ಅವರು ಎಡಕ್ಕೂ ಬಲಕ್ಕೂ ಹೊರಳಿಸುತ್ತ, ಪಕ್ಕದಿಂದ ಇಣುಕುತ್ತ ಬರುತ್ತಾರೆ. ರಸ್ತೆಯಲ್ಲಿ ಲಾರಿ ಚಾಲಕ ನಮ್ಮನ್ನು ನೋಡಿದ್ದಾನೆ ಎಂದು ನಂಬಿ ಮುಂದೆ ಹೋಗುವ ಅಭ್ಯಾಸವನ್ನು ಇಲ್ಲಿ ಪೂರ್ತಿಯಾಗಿ ಬಿಟ್ಟುಬಿಡಿ.

ಸೈಕಲ್ಲನ್ನು ಹ್ಯಾಂಗರಿನ ರಸ್ತೆ ಕಡೆಯ ಗೋಡೆಗೆ ಒರಗಿಸಿ, ಕರೆಯುವವರೆಗೆ ಅಲ್ಲಿಯೇ ಇರಿ. ಪ್ರೊಪೆಲ್ಲರ್ ಪೂರ್ತಿ ನಿಂತ ಮೇಲೆ, ರೆಕ್ಕೆಯ ಹಿಂದಿನಿಂದಲೇ ಹತ್ತಿರ ಹೋಗಬೇಕು. ನಿಂತ ಪ್ರೊಪೆಲ್ಲರನ್ನೂ ಕೈಯಿಂದ ಮುಟ್ಟಬೇಡಿ, ಅದರ ಪಕ್ಕ ಒರಗಿ ಚಿತ್ರ ತೆಗೆಸಿಕೊಳ್ಳಬೇಡಿ.

ಅರವತ್ತು ಮೈಲಿ ತುಳಿದು ಬಂದ ದೇಹ ಹಾರಾಟವನ್ನು ತಾಳುತ್ತದೆಯೇ?

ಅರ್ಧ ಗಂಟೆ ವಿಶ್ರಾಂತಿ ಕೊಟ್ಟರೆ ತಾಳುತ್ತದೆ. ಜುಲೈನ ಅಯೋವಾದಲ್ಲಿ ಸೆಕೆ ಜೋರು, ಮೆಕ್ಕೆಜೋಳದ ಎಲೆಗಳಿಂದ ಹೊರಬರುವ ತೇವವೂ ಸೇರಿ ಬೆವರು ಆರುವುದೇ ಇಲ್ಲ. ದೇಹದಲ್ಲಿ ನೀರು ಕಡಿಮೆಯಾಗಿರುವಾಗ ತಲೆಸುತ್ತು, ವಾಂತಿ ಬೇಗ ಬರುತ್ತವೆ. ನೆರಳಲ್ಲಿ ಕುಳಿತು, ಉಪ್ಪು ಬೆರೆಸಿದ ಪಾನೀಯವನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಹೊಟ್ಟೆ ಖಾಲಿಯೂ ಇರಬಾರದು, ಬಿರಿಯುವಷ್ಟು ತುಂಬಿಯೂ ಇರಬಾರದು. ದಾರಿಯಲ್ಲಿ ಬಿಯರ್ ಕುಡಿದಿದ್ದರೆ ಆ ದಿನ ಹಾರಾಟ ಬೇಡ. ಹಾರುವಾಗ ಹೊಟ್ಟೆ ತೊಳಸಿದರೆ ದೂರದ ದಿಗಂತವನ್ನು ನೋಡಿ, ಪೈಲಟ್‌ಗೆ ತಕ್ಷಣ ತಿಳಿಸಿ.

ಯಾವ ಹೊತ್ತು ಒಳ್ಳೆಯದು?

ಬೆಳಗಿನ ಹೊತ್ತು, ಅದು ತಪ್ಪಿದರೆ ಸೂರ್ಯ ಇಳಿಯುವ ಸಂಜೆ. ಮಧ್ಯಾಹ್ನ ಬಿಸಿಯಾದ ಹೊಲಗಳಿಂದ ಗಾಳಿ ಮೇಲೇಳುವುದರಿಂದ ವಿಮಾನ ಕುಲುಕಾಡುತ್ತದೆ. ಬಿಸಿ, ತೇವದ ಗಾಳಿ ತೆಳುವಾಗಿರುವುದರಿಂದ ಎಂಜಿನ್ನಿನ ಬಲವೂ ರೆಕ್ಕೆಯ ಎತ್ತುವ ಶಕ್ತಿಯೂ ಕುಗ್ಗುತ್ತವೆ, ವಿಮಾನ ಮೇಲೇರಲು ಉದ್ದದ ಓಟ ಬೇಕಾಗುತ್ತದೆ. ಪೈಲಟ್ ನಿಮ್ಮ ತೂಕ ಕೇಳುವುದು ಇದೇ ಕಾರಣಕ್ಕೆ. ನಿಜವಾದ ತೂಕವನ್ನೇ ಹೇಳಿ. ಮಧ್ಯಾಹ್ನ ಅವರು ಇನ್ನು ಹಾರುವುದಿಲ್ಲವೆಂದರೆ ಒತ್ತಾಯಿಸಬೇಡಿ.

ಮೇಲಿನಿಂದ ಏನು ಕಾಣುತ್ತದೆ?

ಬೆಳಿಗ್ಗೆಯಿಂದ ನೀವು ತುಳಿದು ಬಂದ ದಾರಿಯೇ ಕಾಣುತ್ತದೆ, ಆದರೆ ಗುರುತು ಸಿಗುವುದಿಲ್ಲ. ಅಯೋವಾ ಸಪಾಟಾದ ನಾಡು ಎಂಬುದು ಅಲ್ಲಿ ಸೈಕಲ್ ತುಳಿಯದವರ ಮಾತು. ಒಂದರ ಹಿಂದೊಂದು ಏರು ಇಳಿತಗಳು ತೊಡೆಯನ್ನು ಹಿಂಡಿಬಿಡುತ್ತವೆ. ಮುನ್ನೂರು ಮೀಟರ್ ಮೇಲೆ ಹೋದೊಡನೆ ಆ ದಿಬ್ಬಗಳೆಲ್ಲ ಹಾಸಿದ ಕಂಬಳಿಯ ಸುಕ್ಕುಗಳಂತಾಗುತ್ತವೆ. ಬೆಳಿಗ್ಗೆ ನಾನು ಇಳಿದು ತಳ್ಳಿದ್ದ ಏರನ್ನು ಮೇಲಿನಿಂದ ಹುಡುಕಿದೆ, ಸಿಗಲಿಲ್ಲ.

ಸಿಕ್ಕಿದ್ದು ಚೌಕಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರ ಈ ನೆಲವನ್ನು ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ, 640 ಎಕರೆಯ ತುಂಡುಗಳಾಗಿ ಅಳೆದು ಹಂಚಿತು. ಅವುಗಳ ಅಂಚಿನಲ್ಲೇ ಜಲ್ಲಿ ರಸ್ತೆಗಳು ಬಂದವು. ಕೆಳಗಿದ್ದಾಗ ಮೈಲಿಗೊಂದು ಅಡ್ಡರಸ್ತೆ ಏಕೆ ಬರುತ್ತದೆ ಎಂದು ಬೇಸರಪಟ್ಟಿದ್ದೆ. ಮೇಲಿನಿಂದ ಆ ನಾಡಿನ ನಕ್ಷೆಯೇ ಬಿಚ್ಚಿಕೊಂಡಿತು. ಕಡುಹಸಿರಿನ ಮೆಕ್ಕೆಜೋಳ, ತಿಳಿಹಸಿರಿನ ಸೋಯಾಬೀನ್, ಮರಗಳ ಗುಂಪಿನಲ್ಲಿ ಒಂದೊಂದು ಬಿಳಿ ಮನೆ, ಮತ್ತು ಇವೆಲ್ಲದರ ನಡುವೆ ಬಣ್ಣಬಣ್ಣದ ಮಣಿಸರದಂತೆ ಮೆಲ್ಲಗೆ ಸರಿಯುವ ಸಾವಿರಾರು ಸೈಕಲ್ಲುಗಳು. ಆ ಸರದಲ್ಲಿ ನನ್ನದೊಂದು ಮಣಿ ಇಲ್ಲವೆಂಬುದು ಕ್ಷಣಕಾಲ ವಿಚಿತ್ರವೆನಿಸಿತು.

ಮುಖಕ್ಕೆ ಹೊಡೆಯುವ ಗಾಳಿ ಸೈಕಲ್ ಸವಾರರಿಗೆ ಹೊಸದಲ್ಲ. ಬಿಸಿ ಎಣ್ಣೆಯ ವಾಸನೆ, ಕತ್ತರಿಸಿದ ಹುಲ್ಲಿನ ವಾಸನೆ ಮೇಲಿನವರೆಗೂ ಬರುತ್ತವೆ.

ವಿಮಾನವನ್ನು ಪಲ್ಟಿ ಹೊಡೆಸಲು ಕೇಳಬಹುದೇ?

ಬೇಡ. ಪ್ರಯಾಣಿಕರಿದ್ದಾಗ 60 ಡಿಗ್ರಿಗಿಂತ ಹೆಚ್ಚು ವಾಲಿಸುವ ಕಸರತ್ತಿಗೆ ಸಾಮಾನ್ಯವಾಗಿ ಎಲ್ಲರೂ ಪ್ಯಾರಾಚೂಟ್ ಧರಿಸಿರಬೇಕೆಂದು ನಿಯಮವಿದೆ.

ಮಕ್ಕಳು ಮತ್ತು ಊರಿನಿಂದ ಬಂದಿರುವ ಅಪ್ಪ ಅಮ್ಮ ಹಾರಬಹುದೇ?

8ರಿಂದ 17 ವರ್ಷದ ಮಕ್ಕಳಿಗೆ ಯಂಗ್ ಈಗಲ್ಸ್ ಎಂಬ ಉಚಿತ ಹಾರಾಟದ ಕಾರ್ಯಕ್ರಮವಿದೆ. ಆಶ್‌ಕಾಶ್ ಮೇಳ ನಡೆಸುವ ಸಂಸ್ಥೆ ಅದನ್ನು 1992ರಲ್ಲಿ ಆರಂಭಿಸಿತು. ಸ್ವಯಂಸೇವಕ ಪೈಲಟ್‌ಗಳು ನಡೆಸಿಕೊಡುತ್ತಾರೆ.

ಹಿರಿಯರಿಗೆ ವಯಸ್ಸೊಂದೇ ತಡೆಯಲ್ಲ. 1973ರ ಮೊದಲ ಅಯೋವಾ ಯಾತ್ರೆಯನ್ನು ಕ್ಲಾರೆನ್ಸ್ ಪಿಕಾರ್ಡ್ ಎಂಬುವವರು 83ನೆಯ ವಯಸ್ಸಿನಲ್ಲಿ, ಹಳೆಯ ಲೇಡೀಸ್ ಸೈಕಲ್ಲಿನಲ್ಲಿ ಮುಗಿಸಿದ್ದರು. ಆದರೆ ಬೈಪ್ಲೇನಿನ ಕುಳಿಗೆ ಇಳಿಯಲು ರೆಕ್ಕೆ ಹತ್ತಿ, ಕಾಲನ್ನು ಸೊಂಟದ ಎತ್ತರಕ್ಕೆ ಎತ್ತಬೇಕು. ಮಂಡಿ ನೋವಿನವರಿಗೆ ಅದು ಕಷ್ಟ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಬೇಕು. ಭಾರತದಿಂದ ಮಾಡಿಸಿಕೊಂಡು ಬರುವ ಪ್ರವಾಸ ವಿಮೆಗಳಲ್ಲಿ ಅನೇಕವು ಟಿಕೆಟ್ಟಿನ ಏರ್‌ಲೈನ್ ಪ್ರಯಾಣ ಬಿಟ್ಟು ಬೇರೆ ಹಾರಾಟಕ್ಕೆ ಅನ್ವಯಿಸುವುದಿಲ್ಲ. ಷರತ್ತುಗಳನ್ನು ಮೊದಲೇ ಓದಿ.

ಕರ್ನಾಟಕದಲ್ಲಿ ಇಂತಹ ಹಳೆಯ ವಿಮಾನಗಳನ್ನು ನೋಡಬಹುದೇ?

ನೋಡಬಹುದು. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಎಚ್‌ಟಿ-2 ತರಬೇತಿ ವಿಮಾನವಿದೆ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಈ ವಿಮಾನ ನಮ್ಮ ವಾಯುಪಡೆಯ ಪೈಲಟ್‌ಗಳಿಗೆ ಹಾರಲು ಕಲಿಸಿತು. ವಾಯುಪಡೆಯವರು ಜೀರ್ಣೋದ್ಧಾರ ಮಾಡಿಸಿದ ಟೈಗರ್ ಮಾತ್ ಬೈಪ್ಲೇನ್ ಯಲಹಂಕದ ಏರೋ ಇಂಡಿಯಾದಲ್ಲಿ ಹಾರಿದೆ. ಪ್ರತಿ ಭಾನುವಾರ ಮುಂಜಾನೆ ನಂದಿ ಬೆಟ್ಟಕ್ಕೆ ಹೋಗುವ ಬೆಂಗಳೂರಿನ ಸೈಕಲ್ ಸವಾರರು ಬಳ್ಳಾರಿ ರಸ್ತೆಯಲ್ಲಿ ಜಕ್ಕೂರು ಏರೋಡ್ರೋಮನ್ನೂ ಯಲಹಂಕದ ವಾಯುನೆಲೆಯನ್ನೂ ದಾಟಿಯೇ ಹೋಗುತ್ತಾರೆ. ಅಲ್ಲೊಂದು ಎಚ್‌ಟಿ-2 ವಿಮಾನ ಹಾರುವ ಸ್ಥಿತಿಯಲ್ಲಿದ್ದು, ಸವಾರರನ್ನು ಕೂಗಿ ಕರೆಯುವ ದಿನ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಇಳಿದ ಮೇಲೆ ತಕ್ಷಣ ಸೈಕಲ್ ಹತ್ತಬಹುದೇ?

ಹದಿನೈದು ಇಪ್ಪತ್ತು ನಿಮಿಷ ಕಾಯಿರಿ. ಕಿವಿಯಲ್ಲಿ ಎಂಜಿನ್ನಿನ ಸದ್ದು ಗುಂಯ್‌ಗುಡುತ್ತಿರುವಾಗ ಹಿಂದಿನಿಂದ ಬರುವ ಕಾರಿನ ಸದ್ದು ಕೇಳಿಸುವುದಿಲ್ಲ, ಮನಸ್ಸೂ ಇನ್ನೂ ಮೇಲೆಯೇ ಇರುತ್ತದೆ. ಜೇಬಿನಿಂದ ತೆಗೆದಿಟ್ಟ ಸಾಮಾನುಗಳನ್ನೆಲ್ಲ ಎಣಿಸಿ ತೆಗೆದುಕೊಳ್ಳಿ, ಬೂಟು ಬದಲಿಸಿ, ಬಾಟಲಿಗೆ ನೀರು ತುಂಬಿಸಿಕೊಳ್ಳಿ. ಮುಂದಿನ ಊರಿಗೆ ಕತ್ತಲಾಗುವ ಮೊದಲು ತಲುಪಲು ಎಷ್ಟು ಹೊತ್ತು ಬೇಕೆಂದು ಹಾರುವ ಮೊದಲೇ ಲೆಕ್ಕ ಹಾಕಿರಬೇಕು, ಏಕೆಂದರೆ ಇಳಿದ ಮೇಲೆ ಪೈಲಟ್ ಜೊತೆ ಮಾತಿಗೆ ಕುಳಿತರೆ ಒಂದು ಗಂಟೆ ಸರಿದದ್ದು ತಿಳಿಯುವುದಿಲ್ಲ.